ಇಳಿಯದ ರೇಸ್: ಜಿಪ್ಸಿ, ಜೀಪುಗಳ ಥ್ರಾಟಲ್ ಹಿಡಿದುಕೊಂಡಾಗ ದೋಷ ಹುಡುಕುವ ಬಗೆ

ಆಕ್ಸಿಲರೇಟರಿನಿಂದ ಕಾಲು ತೆಗೆದ ಮೇಲೂ ರೇಸ್ (ಎಂಜಿನ್ನಿನ ವೇಗ) ಇಳಿಯುತ್ತಿಲ್ಲ ಎಂದು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಎರಡೇ: ಕೇಬಲ್ಲಿಗೆ ಒಂದಿಷ್ಟು ಎಣ್ಣೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಳಿ ಇನ್ನೊಂದು ಸ್ಪ್ರಿಂಗ್. ಎರಡರಿಂದಲೂ ಗಾಡಿ ಸ್ವಲ್ಪ ಕಾಲ ಸರಿಯಾಗಿಯೇ ಓಡುತ್ತದೆ. ಆಮೇಲೆ ಮೂಡಿಗೆರೆಯದೋ ಸಕಲೇಶಪುರದದೋ ತೋಟದ ಏರಿನಲ್ಲಿ, ಜಡಿಮಳೆಯಲ್ಲಿ, ಹಿಂದೆ ಆಳುಗಳು ಕುಳಿತಿರುವಾಗ ಮತ್ತೆ ಅದೇ ಕಥೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲು, ಅಂದರೆ ಥ್ರಾಟಲ್, ಎಲ್ಲಿ ಹಿಡಿದುಕೊಂಡಿದೆ ಎಂದು ಯಾರೂ ನೋಡಿಯೇ ಇರುವುದಿಲ್ಲ. ಎಣ್ಣೆ, ಸ್ಪ್ರಿಂಗುಗಳು ದೋಷವನ್ನು ಮುಚ್ಚುತ್ತವೆ, ತೆಗೆಯುವುದಿಲ್ಲ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಕೇಬಲ್ ಇರುವ ಪೆಟ್ರೋಲ್ ಗಾಡಿಗಳ ಬಗ್ಗೆ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಮಾರುತಿ ಜಿಪ್ಸಿ, 1996ರಿಂದ 1.3 ಲೀಟರ್ ಎಂಜಿನ್ ಪಡೆದ ಅದರ ತಮ್ಮ, ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಬಂದ ನಂತರದ ಗಾಡಿಗಳು ಎಲ್ಲಕ್ಕೂ ವಿಧಾನ ಒಂದೇ. ಹಳೆಯ ಡೀಸೆಲ್ ಜೀಪುಗಳಿಗೆ ಬೇರೆಯಾಗುವ ಕಡೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಮೊದಲು ಗಾಡಿ ನಿಲ್ಲಬೇಕು

ಫೋರ್‌ವೀಲ್ ಲೋ (ನಾಲ್ಕೂ ಚಕ್ರಕ್ಕೆ ಕಡಿಮೆ ವೇಗ, ಹೆಚ್ಚು ಎಳೆತ ಕೊಡುವ ಗೇರು) ಹಾಕಿದಾಗ ಚಕ್ರಕ್ಕೆ ಹೋಗುವ ಎಳೆತ ಹೈ ರೇಂಜಿಗಿಂತ ಒಂದೂವರೆಯಿಂದ ಎರಡೂವರೆ ಪಟ್ಟು ಇರುತ್ತದೆ. ಅಂಥ ಹೊತ್ತಿನಲ್ಲಿ ರೇಸ್ ಹಿಡಿದುಕೊಂಡರೆ ಬ್ರೇಕೊಂದನ್ನೇ ನಂಬುವಂತಿಲ್ಲ. ಕ್ಲಚ್ ಪೂರ್ತಿ ಒತ್ತಿ, ಬ್ರೇಕನ್ನು ಒಂದೇ ಸಲ ಬಲವಾಗಿ ಒತ್ತಿ ಹಿಡಿದುಕೊಳ್ಳಿ. ಬಿಟ್ಟು ಬಿಟ್ಟು ಒತ್ತಬೇಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ನಿರ್ವಾತ ಸಿಗುವುದು ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನಿಂದ. ಥ್ರಾಟಲ್ ತೆರೆದೇ ಇದ್ದರೆ ಅಲ್ಲಿ ನಿರ್ವಾತ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಬೂಸ್ಟರಿನಲ್ಲಿ ಉಳಿದಿರುವ ಸಂಗ್ರಹ ಒಂದೆರಡು ಒತ್ತುವಿಕೆಗೆ ಮಾತ್ರ ಸಾಕು. ಮೂರನೆಯ ಸಲಕ್ಕೆ ಪೆಡಲ್ ಕಲ್ಲಿನಂತಾಗುತ್ತದೆ.

ಕ್ಲಚ್ ಒತ್ತಿದ ಕೂಡಲೇ ಹೊರೆ ತಪ್ಪಿದ ಎಂಜಿನ್ ಅರಚಿಕೊಳ್ಳುತ್ತದೆ. ಹೆದರಿ ಕ್ಲಚ್ ಬಿಡುವವರಿದ್ದಾರೆ, ಬಿಡಬಾರದು. ಕೀಲಿಯನ್ನು ಒಂದು ಹಂತ ಮಾತ್ರ ಹಿಂದಕ್ಕೆ ತಿರುಗಿಸಿ. ಪೂರ್ತಿ ತಿರುಗಿಸಿ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗಬಹುದು. ಹಳೆಯ ಡೀಸೆಲ್ ಜೀಪುಗಳಲ್ಲಿ ಕೀಲಿ ತಿರುಗಿಸಿದರೆ ಎಂಜಿನ್ ನಿಲ್ಲುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿರುವ ಸ್ಟಾಪ್ ಗುಂಡಿಯನ್ನು ಎಳೆಯಬೇಕು. ಜೀಪನ್ನು ಬೇರೆಯವರ ಕೈಗೆ ಕೊಡುವಾಗ ಆ ಗುಂಡಿ ಎಲ್ಲಿದೆ ಎಂದು ತೋರಿಸಿಯೇ ಕೊಡಿ. ಗಾಡಿ ನಿಂತ ಮೇಲೆ ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಇಳಿಜಾರಿನ ಕಡೆ ಚಕ್ರಗಳಿಗೆ ಕಲ್ಲು ಕೊಡಿ.

ಇಷ್ಟಾದ ಮೇಲೆ ಬಹುತೇಕ ಎಲ್ಲರೂ ಮಾಡುವ ಕೆಲಸವೊಂದಿದೆ: ಪೆಡಲನ್ನು ಪಟಪಟನೆ ಒದ್ದು ನೋಡುವುದು. ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ, ಸಮಾಧಾನವಾಗುತ್ತದೆ, ಸಾಕ್ಷ್ಯ ಅಲ್ಲಿಗೇ ಅಳಿದುಹೋಗುತ್ತದೆ. ದಯವಿಟ್ಟು ಪೆಡಲ್ ಮುಟ್ಟಬೇಡಿ. ಬಾನೆಟ್ ತೆರೆಯಿರಿ. ಹಿಡಿದುಕೊಂಡಿರುವ ಸ್ಥಿತಿಯಲ್ಲೇ ನೋಡಲು ಸಿಗುವ ಆ ಎರಡು ನಿಮಿಷ ಗ್ಯಾರೇಜಿನಲ್ಲಿ ಅರ್ಧ ದಿನ ಬಿಚ್ಚಿ ಜೋಡಿಸುವುದಕ್ಕಿಂತ ಹೆಚ್ಚು ಹೇಳುತ್ತದೆ.

ಹಿಡಿದಿರುವುದು ಥ್ರಾಟಲ್ಲೇ ಹೌದೇ?

ಕಾರ್ಬುರೇಟರ್ ಅಥವಾ ಥ್ರಾಟಲ್ ಬಾಡಿಯ ಪಕ್ಕದಲ್ಲಿ ಕೇಬಲ್ ಬಂದು ಸೇರುವ ಲಿವರ್ ಇರುತ್ತದೆ. ಪೂರ್ತಿ ಮುಚ್ಚಿಕೊಂಡಾಗ ಅದು ಒಂದು ಸಣ್ಣ ಸ್ಕ್ರೂಗೆ ತಾಗಿ ನಿಲ್ಲಬೇಕು. ಈಗ ನೋಡಿ: ತಾಗಿದೆಯೇ, ಇಲ್ಲವೇ?

ತಾಗಿದ್ದರೆ ಥ್ರಾಟಲ್ ಮುಚ್ಚಿಯೇ ಇತ್ತು. ರೇಸ್ ಏರಿದ್ದಕ್ಕೆ ಕಾರಣ ಬೇರೆ. ತಣ್ಣಗಿನ ಎಂಜಿನ್ ಚಾಲೂ ಮಾಡಲು ಬಳಸುವ ಚೋಕ್ ಗುಂಡಿ ಅರ್ಧ ಎಳೆದಿರಬಹುದು. ಮ್ಯಾನಿಫೋಲ್ಡಿನ ನಿರ್ವಾತದ ಪೈಪು ಕಳಚಿಕೊಂಡು ಅಥವಾ ಬಿರುಕುಬಿಟ್ಟು ಗಾಳಿ ಒಳಗೆ ನುಗ್ಗುತ್ತಿರಬಹುದು. ಎಂಪಿಎಫ್‌ಐ ಗಾಡಿಯಾದರೆ ಐಡ್ಲಿಂಗ್ (ಕಾಲು ತೆಗೆದಾಗಿನ ಕನಿಷ್ಠ ವೇಗ) ನಿಯಂತ್ರಿಸುವ ವಾಲ್ವ್ ಮಸಿ ತುಂಬಿ ತೆರೆದುಕೊಂಡೇ ಕುಳಿತಿರಬಹುದು. ಸ್ಕ್ರೂ ತಾಗುತ್ತಿದ್ದರೂ ಐಡ್ಲಿಂಗ್ ಏರಿಯೇ ಇದೆ ಎಂದರೆ ಆ ಸ್ಕ್ರೂವನ್ನೇ ಯಾರೋ ಈ ಮೊದಲೇ ಒಳಕ್ಕೆ ತಿರುಗಿಸಿಟ್ಟಿರುವ ಸಾಧ್ಯತೆಯೂ ಉಂಟು.

ತಾಗಿಲ್ಲದಿದ್ದರೆ ಹಿಡಿದಿರುವುದು ಥ್ರಾಟಲ್ಲೇ. ಹಳೆಯ ಜೀಪುಗಳಲ್ಲಿ ಮಾತ್ರ ಡ್ಯಾಶ್‌ಬೋರ್ಡಿನ ಹ್ಯಾಂಡ್ ಥ್ರಾಟಲ್ (ಕೈಯಿಂದ ರೇಸ್ ಏರಿಸಿಡುವ) ಗುಂಡಿ ಪೂರ್ತಿ ಒಳಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅದು ಇದೆಯೆಂಬುದೇ ಮರೆತುಹೋಗಿ, ಅದರ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೆ ನಿಂತಿರುವ ಜೀಪುಗಳು ಬೇಕಾದಷ್ಟಿವೆ.

ಯಾವಾಗ ಹಿಡಿಯುತ್ತದೆ ಎಂಬುದೇ ಅರ್ಧ ಉತ್ತರ

ಚಾಲಕನನ್ನು ಕೂರಿಸಿಕೊಂಡು ಕೇಳಿ. ಗಾಡಿ ತೊಳೆದ ಮರುದಿನವೋ ಹಳ್ಳ ದಾಟಿದ ಮೇಲೋ ಹಿಡಿಯುತ್ತದೆ ಎಂದರೆ ಕೇಬಲ್ಲಿನೊಳಗೆ ನೀರು, ಮಣ್ಣು ಹೋಗಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ಹಿಡಿದರೆ, ಕೇಬಲ್ಲಿನ ಹೊರಕವಚ ಎಲ್ಲೋ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಹತ್ತಿರವಾಗಿ ಒಳಗಿನ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗುತ್ತಿದೆ. ಏರು ಹತ್ತುವಾಗ ಮಾತ್ರವಾದರೆ ಎಂಜಿನ್ ಮೌಂಟಿಂಗ್ ಕಡೆ ನೋಡಬೇಕು. ಕಾಲನ್ನು ಪೂರ್ತಿ ಒತ್ತಿದಾಗ ಮಾತ್ರವಾದರೆ ಪೆಡಲಿನ ಕೆಳಗಿನ ಮ್ಯಾಟ್ ಅಥವಾ ಕಾರ್ಬುರೇಟರಿನ ಎರಡನೆಯ ಬ್ಯಾರೆಲ್ (ಗಾಳಿಯ ದಾರಿ). ಶುರುವಿನಲ್ಲೇ ಬಿಗಿ, ಒತ್ತಿದರೆ ಒಮ್ಮೆಲೇ ಹಾರಿದಂತೆ ತೆರೆದುಕೊಳ್ಳುತ್ತದೆ ಎಂದರೆ ಬಟರ್‌ಫ್ಲೈ (ಥ್ರಾಟಲ್ಲಿನ ತಿರುಗುವ ತಟ್ಟೆ) ಸುತ್ತ ಮಸಿ ಕಟ್ಟಿದೆ. ಈ ಕೊನೆಯದನ್ನು ಜನ ದೋಷವೆಂದೇ ಎಣಿಸುವುದಿಲ್ಲ. ಆದರೆ ಬಂಡೆಯ ಮೇಲೆ ಅಂಗುಲ ಅಂಗುಲವಾಗಿ ಗಾಡಿ ಏರಿಸುವಾಗ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಇವು ಸುಳಿವುಗಳು, ತೀರ್ಪಲ್ಲ. ತೀರ್ಪು ಮುಂದಿನ ಪರೀಕ್ಷೆಯಿಂದ.

ಕೇಬಲ್ ಕಳಚಿ, ಎರಡು ಭಾಗ ಮಾಡಿ

ಎಂಜಿನ್ ಆಫ್ ಇರಲಿ. ಕಾರ್ಬುರೇಟರಿನ ಲಿವರಿನಿಂದ ಕೇಬಲ್ಲಿನ ತುದಿಯನ್ನು ಕಳಚಿ. ಈಗ ಲಿವರನ್ನು ಬೆರಳಿನಿಂದ ಪೂರ್ತಿ ತೆರೆದು ಬಿಡಿ. ‘ಟಪ್’ ಎಂದು ಗಟ್ಟಿಯಾಗಿ ಬಂದು ಸ್ಕ್ರೂಗೆ ಬಡಿಯಬೇಕು. ಪೂರ್ತಿ, ಅರ್ಧ, ಕಾಲು ಭಾಗ ಹೀಗೆ ಬೇರೆ ಬೇರೆ ಮಟ್ಟದಿಂದ ಬಿಟ್ಟು ನೋಡಿ, ಅದರಲ್ಲೂ ಕೊನೆಯ ಕೂದಲೆಳೆಯಷ್ಟು ತೆರೆದ ಸ್ಥಿತಿಯಿಂದ ಬಿಟ್ಟು ನೋಡಿ. ಸ್ಪ್ರಿಂಗಿನ ಬಲ ಅತ್ಯಂತ ಕಡಿಮೆ ಇರುವುದು ಅಲ್ಲೇ. ಎಲ್ಲ ಕಡೆಯಿಂದಲೂ ಚುರುಕಾಗಿ ಮರಳಿದರೆ ಕಾರ್ಬುರೇಟರ್ ನಿರ್ದೋಷಿ. ದೋಷ ಕೇಬಲ್ ಅಥವಾ ಪೆಡಲಿನಲ್ಲಿದೆ. ಎಲ್ಲಿಯಾದರೂ ತಡೆದರೆ ಕೇಬಲ್ ಮುಟ್ಟುವ ಅಗತ್ಯವೇ ಇಲ್ಲ.

ಇದಕ್ಕೆ ಒಂದು ಇಕ್ಕಳ ಬಿಟ್ಟರೆ ಬೇರೆ ಉಪಕರಣ ಬೇಡ. ಆದರೂ ಇದನ್ನು ಮಾಡದೆ ಹೊಸ ಕೇಬಲ್ ತರಿಸುವವರೇ ಹೆಚ್ಚು.

ಪೆಡಲ್ ಮತ್ತು ಕೇಬಲ್

ಪೆಡಲ್ ಕಡೆಯ ಕೆಲಸ ಸಣ್ಣದು. ಕೇಬಲ್ ಕಳಚಿರುವಾಗಲೇ ಪೆಡಲನ್ನು ಕೈಯಿಂದ ಆಡಿಸಿ, ತೂಗಾಟ ಸಲೀಸಾಗಿರಬೇಕು. ತಿರುಗಣಿಯ ಬುಶ್‌ನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕುಳಿತಿದ್ದರೆ ಬಿಚ್ಚಿ ತೊಳೆದು ಗ್ರೀಸ್ ಹಚ್ಚಿ. ಮ್ಯಾಟನ್ನು ಕಡೆಗಣಿಸಬೇಡಿ. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಗಿ ಬಂದದ್ದು ಪೆಡಲ್ ಸಿಕ್ಕಿಹಾಕಿಕೊಳ್ಳುವ ನೆಲದ ಮ್ಯಾಟಿನ ಕಾರಣಕ್ಕೆ. ಮಳೆಗಾಲದಲ್ಲಿ ಒಂದರ ಮೇಲೊಂದು ಗೋಣಿಚೀಲ ಹಾಸುವ ನಮ್ಮ ಜೀಪುಗಳಲ್ಲಿ ಇದು ಇನ್ನೂ ಸುಲಭ.

ಕೇಬಲ್ಲಿನ ಎರಡೂ ತುದಿ ಬಿಚ್ಚಿ, ಒಳತಂತಿಯನ್ನು ಎರಡು ಬೆರಳಿನಲ್ಲಿ ಹಿಡಿದು ಆಚೀಚೆ ಎಳೆಯಿರಿ. ನುಣುಪಾಗಿ ಜಾರಬೇಕು. ಕೊರಕೊರ ಎಂದರೆ ಒಳಗೆ ಮಣ್ಣು ಅಥವಾ ತುಕ್ಕು. ಒಂದೇ ಜಾಗದಲ್ಲಿ ‘ಕಟ್’ ಎಂದು ತಡೆದರೆ ಎಳೆ ಕಿತ್ತು ಕವಚದೊಳಗೆ ಚುಚ್ಚಿಕೊಂಡಿದೆ. ಎಳೆ ಕಿತ್ತ ಕೇಬಲ್ಲಿಗೆ ರಿಪೇರಿ ಇಲ್ಲ, ಬದಲಾಯಿಸಿ. ಒಂದು ಎಳೆ ಹೋದರೆ ಉಳಿದವುಗಳ ಮೇಲೆ ಹೊರೆ ಬಿದ್ದು ಅವೂ ಬೇಗ ಹೋಗುತ್ತವೆ, ಕಿತ್ತ ತುದಿ ಒಂದು ದಿನ ತೆರೆದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಿತ್ತಿರುವುದು ಹೆಚ್ಚಾಗಿ ಎರಡು ಕಡೆ ಸಿಗುತ್ತದೆ: ಎಂಜಿನ್ ಮತ್ತು ಒಳಾಂಗಣದ ನಡುವಿನ ತಗಡು ಗೋಡೆಯನ್ನು ಕೇಬಲ್ ದಾಟುವಲ್ಲಿ, ಮತ್ತು ಲಿವರಿನ ಗಾಲಿಯ ಮೇಲೆ ಸುತ್ತಿಕೊಳ್ಳುವಲ್ಲಿ.

ಮಣ್ಣು ಮಾತ್ರ ಇದ್ದರೆ ತೊಳೆದು ನೋಡಬಹುದು. ಕೇಬಲ್ಲನ್ನು ಉದ್ದಕ್ಕೆ ತೂಗುಹಾಕಿ, ಮೇಲ್ತುದಿಗೆ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಬಿಗಿಯಾಗಿ ಕಟ್ಟಿ, ಅದರಲ್ಲಿ ತೆಳುವಾದ ಎಣ್ಣೆ ಹೊಯ್ದು ರಾತ್ರಿಯಿಡೀ ಬಿಟ್ಟರೆ ಕೆಳಗಿನಿಂದ ಕೊಳೆ ಇಳಿದು ಬರುತ್ತದೆ. ಕೆಳಗೆ ಶುದ್ಧ ಎಣ್ಣೆ ತೊಟ್ಟಿಕ್ಕುವವರೆಗೂ ಒಳತಂತಿಯನ್ನು ಆಗಾಗ ಆಡಿಸುತ್ತಿರಿ. ಒಳಗೆ ನೈಲಾನ್ ಅಥವಾ ಟೆಫ್ಲಾನ್ ಕೊಳವೆ ಇರುವ ಕೇಬಲ್ಲಿಗೆ ಎಣ್ಣೆಯೂ ಬೇಡ, ಸಿಲಿಕೋನ್ ಸ್ಪ್ರೇ ಸಾಕು. ಗ್ರೀಸ್ ಯಾವುದಕ್ಕೂ ಬೇಡ. ಬೇಸಿಗೆಯ ಧೂಳು ಅದಕ್ಕೆ ಅಂಟಿ ಕೊನೆಗೆ ಅರೆಯುವ ಲೇಪವೇ ತಯಾರಾಗುತ್ತದೆ. ತುಕ್ಕು ಬಿಡಿಸಲು ಬಳಸುವ ಡಬ್ಲ್ಯುಡಿ-40 ಬಗೆಯ ಸ್ಪ್ರೇ ಕೊಳೆ ಕರಗಿಸಲು ಒಳ್ಳೆಯದು, ಜಾರಿಕೆಗೆ ನಂಬುವಂಥದ್ದಲ್ಲ.

ಹೊಸ ಕೇಬಲ್ ಹಾಕಿದರೂ ಕೆಲವೇ ತಿಂಗಳಲ್ಲಿ ಮತ್ತೆ ಹಿಡಿಯುತ್ತಿದ್ದರೆ ಕೇಬಲ್ ತಯಾರಿಸಿದವರನ್ನು ಬೈಯುವ ಮೊದಲು ಎಂಜಿನ್ನಿನ ಅರ್ತ್ ಪಟ್ಟಿ ನೋಡಿ. ಎಂಜಿನ್ನನ್ನು ಬ್ಯಾಟರಿಯ ನೆಗೆಟಿವ್‌ಗೂ ಬಾಡಿಗೂ ಜೋಡಿಸುವ ದಪ್ಪ ತಾಮ್ರದ ಜಡೆ ತುಕ್ಕು ಹಿಡಿದಿದ್ದರೆ ಅಥವಾ ತುಂಡಾಗಿದ್ದರೆ, ಸೆಲ್ಫ್ ಹೊಡೆದಾಗ ಸ್ಟಾರ್ಟರಿನ ವಿದ್ಯುತ್ತು ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಇನ್ನೊಂದು ಲೋಹದ ಎಳೆ ಈ ಥ್ರಾಟಲ್ ಕೇಬಲ್ಲೇ. ಅದು ಬಿಸಿಯಾಗಿ ಒಳಗಿನ ಕೊಳವೆ ಕರಗುತ್ತದೆ. ಸೆಲ್ಫ್ ಹೊಡೆದ ಕೂಡಲೇ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಳ್ಳ ಸಿಕ್ಕಿದ. ಮೀಟರ್ ಇದ್ದರೆ ಸೆಲ್ಫ್ ಹೊಡೆಯುತ್ತಿರುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಬದಲಾಯಿಸಿ, ಆಮೇಲೆ ಕೇಬಲ್.

ಏರಿನಲ್ಲಿ ಮಾತ್ರ ಹಿಡಿಯುವ ಥ್ರಾಟಲ್

ಗ್ಯಾರೇಜಿನಲ್ಲಿ ನಿಲ್ಲಿಸಿದಾಗ ಎಲ್ಲವೂ ಸರಿ, ತೋಟದ ಏರಿನಲ್ಲಿ ಮಾತ್ರ ರೇಸ್ ಇಳಿಯುವುದಿಲ್ಲ ಎಂಬ ದೂರು ಮೆಕ್ಯಾನಿಕ್ಕುಗಳಿಗೆ ಬಹಳ ಬೇಸರ ತರಿಸುತ್ತದೆ. ಚಾಲಕನ ಕಾಲಿನದೇ ತಪ್ಪು ಎಂದು ಹೇಳಿ ಕಳುಹಿಸುವುದೂ ಉಂಟು. ಆದರೆ ಇದು ನಿಜವಾದ ದೋಷ.

ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿದೆ. ಹೊರೆ ಬಿದ್ದಾಗ ಅದು ಒಂದು ಬದಿಗೆ ವಾಲುತ್ತದೆ, ಸಹಜವಾಗಿ ಸ್ವಲ್ಪವೇ. ರಬ್ಬರ್ ಹರಿದಿದ್ದರೆ ಆ ಕಡೆ ಎದ್ದೇ ಬಿಡುತ್ತದೆ. ಪೆಡಲಿನಿಂದ ಎಂಜಿನ್ನಿಗೆ ಕಬ್ಬಿಣದ ಸರಳುಗಳ ಮೂಲಕ ಜೋಡಣೆ ಇರುವ ಹಳೆಯ ಜೀಪುಗಳಲ್ಲಿ ಎಂಜಿನ್ ವಾಲಿದಷ್ಟೂ ಸರಳು ನೇರವಾಗಿ ಥ್ರಾಟಲ್ಲನ್ನು ಎಳೆಯುತ್ತದೆ. ಥ್ರಾಟಲ್ ತೆರೆದಂತೆ ಎಂಜಿನ್ ಇನ್ನಷ್ಟು ವಾಲುತ್ತದೆ, ಅದು ಇನ್ನಷ್ಟು ತೆರೆಯುತ್ತದೆ. ನೀವು ಕಾಲು ತೆಗೆದಿದ್ದರೂ ಎಂಜಿನ್ ತನ್ನ ರೇಸನ್ನು ತಾನೇ ಕೊಟ್ಟುಕೊಳ್ಳುತ್ತಿರುತ್ತದೆ. ಕೇಬಲ್ ಇರುವ ಗಾಡಿಗಳಲ್ಲಿ ಹೊರಕವಚವೂ ಜೊತೆಗೇ ಬಾಗುವುದರಿಂದ ಇದು ಕಡಿಮೆ. ಆದರೆ ಕೇಬಲ್ಲನ್ನು ಸಡಿಲವಾದ ತಿರುವಿಲ್ಲದೆ ಬಿಗಿಯಾಗಿ ಕಟ್ಟಿದ್ದರೆ, ಎಂಜಿನ್ ವಾಲಿದಾಗ ಹೊರಕವಚ ತಾನು ಕೂರುವ ಗುಳಿಯಿಂದ ಎದ್ದು ಬಂದು ಓರೆಯಾಗಿ ನಿಲ್ಲುತ್ತದೆ, ಮರಳಿ ಕೂರುವುದಿಲ್ಲ.

ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟಾದ, ಮುಂದೆ ಹಿಂದೆ ಖಾಲಿ ಇರುವ ಜಾಗ. ಒಬ್ಬರು ಹ್ಯಾಂಡ್‌ಬ್ರೇಕ್ ಹಾಕಿ, ಕಾಲಿನ ಬ್ರೇಕನ್ನೂ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಎಂಜಿನ್ ತುಸು ಕುಗ್ಗುವಷ್ಟು ಮಾತ್ರ ಬಿಡಲಿ. ಕೂಡಲೇ ಮತ್ತೆ ಒತ್ತಲಿ. ಆಮೇಲೆ ರಿವರ್ಸಿನಲ್ಲಿ ಅದೇ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಗಾಡಿಯ ಮುಂದೆ ಮಾತ್ರ ಖಂಡಿತ ನಿಲ್ಲಬಾರದು. ಎಂಜಿನ್ ಎದ್ದು ಕುಣಿದರೆ, ಕೇಬಲ್ ಬಿಗಿದರೆ, ಲಿವರ್ ಸ್ಕ್ರೂ ಬಿಟ್ಟು ಸರಿದರೆ ಮೌಂಟಿಂಗ್ ಬದಲಾಯಿಸಬೇಕು. ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸಿ. ಚಾಸಿಗೂ ಬಾಡಿಗೂ ನಡುವಿನ ರಬ್ಬರುಗಳನ್ನೂ ನೋಡಿಬಿಡಿ: ಒಂದು ಚಕ್ರ ಗುಂಡಿಯಲ್ಲಿ, ಇನ್ನೊಂದು ದಿಬ್ಬದ ಮೇಲೆ ಇರುವಾಗ ಚಾಸಿ ತಿರುಚಿಕೊಳ್ಳುತ್ತದೆ, ಸವೆದ ಬಾಡಿ ರಬ್ಬರು ಅದೇ ಎಳೆತವನ್ನು ಕೇಬಲ್ಲಿಗೆ ದಾಟಿಸುತ್ತದೆ.

ಕಾರ್ಬುರೇಟರ್, ಥ್ರಾಟಲ್ ಬಾಡಿ

ಏರ್ ಫಿಲ್ಟರ್ ತೆಗೆದು ಟಾರ್ಚ್ ಹಾಕಿ ಬಾಯಿಯೊಳಗೆ ನೋಡಿ. ಫಿಲ್ಟರಿನ ನಟ್, ವಾಷರ್, ಹರಿದ ಗ್ಯಾಸ್ಕೆಟಿನ ಚೂರು ಬಟರ್‌ಫ್ಲೈಗೆ ಅಡ್ಡ ಬಿದ್ದಿರುವುದು ಅಪರೂಪವೇನಲ್ಲ. ಬಹಳ ಕಾಲ ನಿಂತಿದ್ದ ಗಾಡಿಯಾದರೆ ಫಿಲ್ಟರ್ ಡಬ್ಬಿಯಲ್ಲಿ ಇಲಿಯ ಸಂಸಾರವೇ ಇರಬಹುದು.

ಎರಡು ಬ್ಯಾರೆಲ್ಲಿನ ಕಾರ್ಬುರೇಟರಿನಲ್ಲಿ ಎರಡನೆಯದು ತೆರೆಯುವುದು ಜೋರಾಗಿ ರೇಸ್ ಕೊಟ್ಟಾಗ ಮಾತ್ರ. ಊರೊಳಗೆ ಓಡುವ ಗಾಡಿಯಲ್ಲಿ ಅದು ತಿಂಗಳುಗಟ್ಟಲೆ ಮುಚ್ಚಿಯೇ ಇದ್ದು, ಅದರ ತಟ್ಟೆ ತಿರುಗುವ ದಂಡದ ಮೇಲೆ ಧೂಳು, ಪೆಟ್ರೋಲಿನ ಅಂಟು ಗಟ್ಟಿಯಾಗುತ್ತದೆ. ಒಂದು ಕಡಿದಾದ ಏರಿನಲ್ಲಿ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುವುದನ್ನು ಮರೆಯುತ್ತದೆ. ಮೊದಲನೆಯದನ್ನು ಪೂರ್ತಿ ತೆರೆದು ಹಿಡಿದು, ಎರಡನೆಯದರ ಲಿವರನ್ನು ಬೇರೆಯಾಗಿ ಬೆರಳಿನಿಂದ ಆಡಿಸಿ ನೋಡಿ. ಇದನ್ನು ಬಿಟ್ಟವರಿಗೆ ದೋಷ ಸಿಗುವುದೇ ಇಲ್ಲ.

ಮಸಿಗೆ ಕಾರ್ಬ್ ಕ್ಲೀನರ್ ಮತ್ತು ಮೆತ್ತನೆಯ ಬಟ್ಟೆ ಸಾಕು. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಗೀರು ಬಿದ್ದ ಕಡೆಯೇ ಮುಂದೆ ಬಟರ್‌ಫ್ಲೈ ಕಚ್ಚುತ್ತದೆ. ಎಂಜಿನ್ ತಣ್ಣಗಿರಲಿ, ಬೀಡಿ ಸಿಗರೇಟು ದೂರವಿರಲಿ. ದಂಡದ ಎರಡೂ ತುದಿಗೆ ಕ್ಲೀನರ್ ಹೊಡೆದು, ಆಡಿಸಿ, ಒಣಗಿದ ಮೇಲೆ ಒಂದು ಹನಿ ತೆಳು ಎಣ್ಣೆ. ದಂಡ ಆಚೀಚೆ ಅಲುಗಾಡುತ್ತಿದ್ದರೆ ಅದು ಸವೆದಿದೆ. ಓರೆಯಾಗಿ ಕೂತು ಹಿಡಿಯುತ್ತದೆ, ಪಕ್ಕದಿಂದ ಗಾಳಿಯನ್ನೂ ಎಳೆಯುತ್ತದೆ. ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ಮೇಲೆ ಹಿಡಿತ ಶುರುವಾಗಿದ್ದರೆ ಬುಡದ ನಟ್‌ಗಳನ್ನು ಒಂದಿಷ್ಟು ಸಡಿಲಿಸಿ ನೋಡಿ. ಅತಿಯಾಗಿ ಬಿಗಿದರೆ ಬುಡ ಬಾಗಿ ದಂಡ ಬಿಗಿಯುತ್ತದೆ. ಸ್ಟಾಪ್ ಸ್ಕ್ರೂವನ್ನು ಮಾತ್ರ ಐಡ್ಲಿಂಗ್ ಇಳಿಸಲೆಂದು ಹೊರಕ್ಕೆ ತಿರುಗಿಸುತ್ತಾ ಹೋಗಬೇಡಿ. ಬಟರ್‌ಫ್ಲೈ ಗೋಡೆಗೆ ಬೆಣೆಯಂತೆ ಕಚ್ಚಿಕೊಳ್ಳದಂತೆ ತಡೆಯುವುದೂ ಅದೇ.

ಸ್ಪ್ರಿಂಗ್ ವಿಷಯಕ್ಕೆ ಬರೋಣ. ಆಕ್ಸಿಲರೇಟರ್ ವ್ಯವಸ್ಥೆಗೆ ಕನಿಷ್ಠ ಎರಡು ಪ್ರತ್ಯೇಕ ಮರಳುಬಲ ಇರಬೇಕು ಎಂಬುದು ಅಮೆರಿಕದ ಸುರಕ್ಷತಾ ನಿಯಮ. ಒಂದು ಹೋದರೂ ಇನ್ನೊಂದು ಥ್ರಾಟಲ್ಲನ್ನು ಮುಚ್ಚಬೇಕು, ಸಣ್ಣ ವಾಹನಗಳಲ್ಲಿ ಒಂದೇ ಸೆಕೆಂಡಿನಲ್ಲಿ. ಒಳ್ಳೆಯ ವಿಚಾರ, ಆದರೆ ಇದರಿಂದಲೇ ಒಂದು ಮೋಸವೂ ಆಗುತ್ತದೆ: ಎರಡರಲ್ಲಿ ಒಂದು ತುಂಡಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನ್ನೂ ಕಣ್ಣಾರೆ ನೋಡಿ, ಕೊಕ್ಕೆಗಳು ಸವೆದಿವೆಯೇ ಎಂದು ನೋಡಿ. ಹೆಚ್ಚುವರಿ ಸ್ಪ್ರಿಂಗ್ ಹಾಕಲೇಬೇಕಿದ್ದರೆ ದೋಷ ತೆಗೆದ ಮೇಲೆ ಹಾಕಿ. ದೋಷದ ಮೇಲೆ ಹಾಕಿದ ಬಲವಾದ ಸ್ಪ್ರಿಂಗ್ ದಂಡವನ್ನು ಒಂದೇ ಬದಿಗೆ ಎಳೆದು ಬೇಗ ಸವೆಸುತ್ತದೆ, ಎಳೆ ಕಿತ್ತ ಕೇಬಲ್ಲನ್ನು ಇನ್ನಷ್ಟು ಕೀಳುತ್ತದೆ.

ಮಳೆಗಾಲದ ಒಂದು ವಿಚಿತ್ರ: ಚಾರ್ಮಾಡಿಯ ಮಂಜಿನಲ್ಲಿ, ಹೊರಗೆ 20 ಡಿಗ್ರಿ ಇರುವಾಗಲೂ ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟಬಹುದು. ಪೆಟ್ರೋಲ್ ಆವಿಯಾಗುವಾಗ ಒಳಗಿನ ಉಷ್ಣಾಂಶ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಲ್ಲದು, ತೇವದ ಗಾಳಿ ಬಟರ್‌ಫ್ಲೈಗೆ ಅಂಟಿ ಹೆಪ್ಪುಗಟ್ಟುತ್ತದೆ. ಎಂಜಿನ್ ಸೊರಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಹತ್ತು ನಿಮಿಷ ನಿಲ್ಲಿಸಿದರೆ ಎಲ್ಲ ಸರಿ. ಸಾಕ್ಷ್ಯ ಕರಗಿ ಹೋಗಿರುತ್ತದೆ. ಎಕ್ಸಾಸ್ಟ್ ಕಡೆಯಿಂದ ಬಿಸಿಗಾಳಿ ತರುವ ಕೊಳವೆಯನ್ನು ಯಾರಾದರೂ ಕಿತ್ತೆಸೆದಿದ್ದರೆ ಮತ್ತೆ ಹಾಕಿಸಿ.

ಡೀಸೆಲ್ ಜೀಪು ಮತ್ತು ಹೊಸ ಗಾಡಿಗಳು

ಡೀಸೆಲ್ ಜೀಪಿನಲ್ಲಿ ಕೇಬಲ್ ಅಥವಾ ಸರಳು ಹೋಗಿ ಸೇರುವುದು ಫ್ಯುಯೆಲ್ ಇಂಜೆಕ್ಷನ್ ಪಂಪಿನ ಲಿವರಿಗೆ. ಅಲ್ಲಿಯವರೆಗಿನ ಪರೀಕ್ಷೆಯೆಲ್ಲ ಇದೇ. ಲಿವರ್ ಚುರುಕಾಗಿ ಮರಳಿ ಸ್ಟಾಪಿಗೆ ತಾಗಿದೆ, ಆದರೂ ರೇಸ್ ಇಳಿಯುತ್ತಿಲ್ಲ ಎಂದರೆ ಹಿಡಿದಿರುವುದು ಪಂಪಿನ ಒಳಭಾಗ. ನೀರು ಸೇರಿದ ಡೀಸೆಲ್ ತುಂಬಿಕೊಂಡು ಬಹಳ ಕಾಲ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಪಂಪಿನ ಸೀಸದ ಮುದ್ರೆ ಒಡೆಯಬೇಡಿ, ಪಂಪನ್ನು ಅಳೆದು ಹೊಂದಿಸುವ ಕ್ಯಾಲಿಬ್ರೇಷನ್ ಬೆಂಚ್ ಇರುವ ಅಂಗಡಿಗೇ ಒಯ್ಯಿರಿ. ಸ್ಟಾಪ್ ಗುಂಡಿ ಎಳೆದರೂ ನಿಲ್ಲದೆ ನೀಲಿ ಹೊಗೆ ಉಗುಳುತ್ತಾ ರೇಸ್ ಏರುತ್ತಲೇ ಹೋದರೆ ಎಂಜಿನ್ ತನ್ನದೇ ಆಯಿಲನ್ನು ಉರಿಸುತ್ತಿದೆ. ಆಗ ಗಾಳಿ ಎಳೆಯುವ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು, ಕೈಯಿಂದಲ್ಲ.

ಕೇಬಲ್ಲೇ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಗಾಡಿಗಳಲ್ಲಿ ಮ್ಯಾಟ್ ಮತ್ತು ಪೆಡಲನ್ನು ನೋಡಿ, ಸ್ಕ್ಯಾನರ್ ಹಾಕಿಸಿ, ಅಷ್ಟೇ. ಕೀಲಿ ಆನ್ ಇರುವಾಗ ಬಟರ್‌ಫ್ಲೈಗೆ ಬೆರಳು ಹಾಕಬೇಡಿ, ಮೋಟಾರು ಬೆರಳನ್ನು ಬಿಡುವುದಿಲ್ಲ.

ಸರಿಯಾಗಿದೆಯೇ ಎಂದು ನೋಡುವುದು

ಕೇಬಲ್ ಜೋಡಿಸುವಾಗ ಪೆಡಲ್ ಬಿಟ್ಟ ಸ್ಥಿತಿಯಲ್ಲಿ ತುಸು ಸಡಿಲ ಇರಬೇಕು; ಎಷ್ಟೆಂಬುದು ಆಯಾ ಗಾಡಿಯ ಕೈಪಿಡಿಯಲ್ಲಿದೆ. ಪೆಡಲ್ ನೆಲ ಮುಟ್ಟಿದಾಗ ಬಟರ್‌ಫ್ಲೈ ಪೂರ್ತಿ ತೆರೆದಿರಬೇಕು, ಆದರೆ ಕೇಬಲ್ ಜಗ್ಗಬಾರದು. ಪೆಡಲಿಗೆ ತಡೆ ಒದಗಿಸುವುದು ನೆಲದ ಸ್ಟಾಪರ್ ಆಗಿರಬೇಕೇ ಹೊರತು ಕೇಬಲ್ಲಲ್ಲ. ಎಂಜಿನ್ ಆಫ್ ಇರುವಾಗ ಸೀಟಿನಲ್ಲಿ ಕುಳಿತು ನಿಧಾನವಾಗಿ, ಜೋರಾಗಿ, ಓರೆಯಾಗಿ ಒತ್ತಿ ಬಿಡಿ. ಹೊರಗಿದ್ದವರು ಲಿವರ್ ಪ್ರತಿ ಸಲವೂ ಸ್ಕ್ರೂಗೆ ಬಡಿಯುವ ಸದ್ದು ಕೇಳಿಸಿಕೊಳ್ಳಲಿ. ಎಂಜಿನ್ ಚಾಲೂ ಮಾಡಿ ಬಿಸಿಯಾದ ಮೇಲೆ ಇನ್ನೊಮ್ಮೆ.

ಆಮೇಲೆ ಹೈ ರೇಂಜಿನಲ್ಲಿ ಸಮತಟ್ಟು ರಸ್ತೆ, ಒಬ್ಬರೇ. ಅದರ ನಂತರ ಲೋ ರೇಂಜಿನಲ್ಲಿ, ಮೇಲೆ ಬಯಲಿರುವ ಸಣ್ಣ ಏರು. ದೂರು ಬಂದದ್ದು ಗಾಡಿ ತೊಳೆದ ಮೇಲಾಗಿದ್ದರೆ ತೊಳೆದು, ರಾತ್ರಿ ಹೊರಗೆ ನಿಲ್ಲಿಸಿ, ಬೆಳಗ್ಗೆ ನೋಡಿ. ಹಿಂದೆ ಆಳುಗಳನ್ನು ಹತ್ತಿಸಿಕೊಳ್ಳುವುದು ಇದೆಲ್ಲ ಮುಗಿದ ಮೇಲೆ.